ಹಳೇ ಜೀಪಿಗೆ ಹೊಸ ಹೊಗೆದಾರಿ

ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರುಂಡ ಕುರುಗೋಡು–ಸಿರುಗುಪ್ಪ ಸೀಮೆಯಲ್ಲಿ ಹಳೇ ಜೀಪುಗಳಿಗೆ ಇನ್ನೂ ಕೆಲಸವಿದೆ. ಭತ್ತದ ಗದ್ದೆಯ ಬದುವಿನವರೆಗೂ ಗೊಬ್ಬರದ ಚೀಲ ಒಯ್ಯಬೇಕು, ಮೆಣಸಿನಕಾಯಿ ಬಿಡಿಸಲು ಹೋಗುವ ಆಳುಗಳನ್ನು ಹೊಲಕ್ಕೆ ಮುಟ್ಟಿಸಬೇಕು, ಮಳೆ ಬಂದಾಗ ಎರೆ ಮಣ್ಣಿನ ಕೆಸರಲ್ಲಿ ಸಿಕ್ಕಿಬಿದ್ದ ಟ್ರ್ಯಾಕ್ಟರಿನತ್ತ ಹೋಗಬೇಕು. ಮಹೀಂದ್ರದ ಸಿಜೆ ಸರಣಿ, ಎಂಎಂ 540, ಕಮಾಂಡರ್, ಮೇಜರ್, 2000ದಲ್ಲಿ ಬಂದ ಬೊಲೆರೊದ ಮೊದಲ ಗಾಡಿಗಳು, 1985ರ ಕೊನೆಗೆ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ, ಇವೆಲ್ಲ ಈ ಕೆಲಸಕ್ಕೆ ಒಗ್ಗಿದ ಗಾಡಿಗಳು. ಇವುಗಳ ಎಂಜಿನ್ ಎರಡು ಮೂರು ಸಲ ಬಿಚ್ಚಿ ಕಟ್ಟಿಸಿಕೊಂಡೂ ಓಡುತ್ತದೆ. ಆದರೆ ಹೊಟ್ಟೆಯಡಿಯ ಸೈಲೆನ್ಸರ್ ಅಷ್ಟು ಕಾಲ ತಾಳುವುದಿಲ್ಲ. ಅದು ತೂತಾದಾಗ ತಗಡಿನ ತೇಪೆ ಹಾಕಿಸಿ ಮರೆತುಬಿಡುವವರು ಒಂದು ಕಡೆ, ಇದೇ ನೆಪದಲ್ಲಿ ಗುಡುಗುವ ‘ಫ್ರೀ ಫ್ಲೋ’ ಕೂರಿಸಿಕೊಳ್ಳುವವರು ಇನ್ನೊಂದು ಕಡೆ. ಎರಡೂ ತಪ್ಪು. ಈ ನೆಲದಲ್ಲಿ ಒಳ್ಳೆಯ ಸೈಲೆನ್ಸರ್ ಅಂದರೆ ಸೋರದ, ಒಣಹುಲ್ಲಿಗೆ ತಾಗದ, ಹಿಂದೆ ಕೂತವರ ಮೂಗಿಗೆ ಹೊಗೆ ಬಿಡದ ಸೈಲೆನ್ಸರ್. ಶಕ್ತಿ, ಸದ್ದುಗಳ ವಿಚಾರ ಆಮೇಲಿನದು.

ಹೊಗೆ ಸಾಗುವ ದಾರಿ

ಸಿಲಿಂಡರುಗಳಿಂದ ಹೊರಬಿದ್ದ ಬಿಸಿ ಅನಿಲ ಮೊದಲು ಸೇರುವುದು ಎರಕದ ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ. ಅಲ್ಲಿಂದ ಮುಂದಿನ ಬೆಂಡ್ ಪೈಪ್, ಆಮೇಲೆ ಸೈಲೆನ್ಸರ್ ಡಬ್ಬಿ, ಕೊನೆಗೆ ಬಾಲದ ಪೈಪು. ಮ್ಯಾನಿಫೋಲ್ಡಿಗೂ ಎಂಜಿನ್ ಹೆಡ್ಡಿಗೂ ನಡುವೆ ಗ್ಯಾಸ್ಕೆಟ್, ಪೈಪು ಜೋಡುವಲ್ಲಿ ಫ್ಲ್ಯಾಂಜ್ ಅಥವಾ ಕ್ಲಾಂಪ್, ಇಡೀ ಸಾಲನ್ನು ಛಾಸಿಗೆ ತೂಗುಹಾಕಲು ರಬ್ಬರ್ ಹ್ಯಾಂಗರುಗಳು. ಹಳೇ ಡೀಸೆಲ್ ಜೀಪಿನಲ್ಲಿ ಇಷ್ಟೇ. 2000ದ ಸುಮಾರಿಗೆ ಬಂದ ಎಂಪಿಎಫ್‌ಐ ಜಿಪ್ಸಿಯಲ್ಲಿ ಇದರ ಜೊತೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಅಲ್ಲಿ ಲೆಕ್ಕವೇ ಬೇರೆ, ಅದನ್ನು ಮುಂದೆ ನೋಡೋಣ.

ಡಬ್ಬಿಯೊಳಗೆ ಎರಡು ಬಗೆ. ಕಂಪನಿಯಿಂದ ಬಂದದ್ದರಲ್ಲಿ ಸಾಮಾನ್ಯವಾಗಿ ತಡೆಗೋಡೆಗಳೂ ತೂತು ಕೊರೆದ ಕೊಳವೆಗಳೂ ಇರುತ್ತವೆ. ಅನಿಲ ಹಿಂದೆ ಮುಂದೆ ತಿರುಗಿ ಹೊರಬರುವಷ್ಟರಲ್ಲಿ ಸದ್ದಿನ ಅಲೆಗಳು ಒಂದಕ್ಕೊಂದು ಬಡಿದು ಕುಗ್ಗುತ್ತವೆ. ಇನ್ನೊಂದು ಬಗೆಯಲ್ಲಿ, ಅಂದರೆ ‘ಫ್ರೀ ಫ್ಲೋ’ದಲ್ಲಿ, ತೂತು ಕೊರೆದ ಕೊಳವೆ ನೇರವಾಗಿ ಹಾದುಹೋಗುತ್ತದೆ, ಸುತ್ತ ಗಾಜಿನ ಉಣ್ಣೆ ತುಂಬಿರುತ್ತದೆ. ಇದರಲ್ಲಿ ತಡೆ ಕಡಿಮೆ, ಸದ್ದು ಜಾಸ್ತಿ. ಉಣ್ಣೆ ಸುಟ್ಟು ಉದುರಿದ ಮೇಲೆ ಸದ್ದು ಇನ್ನೂ ಜೋರಾಗುತ್ತದೆ.

ಯಾಕೆ ಬೇಗ ಕೊಳೆಯುತ್ತದೆ

ಮಳೆ, ಕೆಸರು ಹೊರಗಿನಿಂದ ತಿನ್ನುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಒಳಗಿನಿಂದ ತಿನ್ನುವುದು ಅದಕ್ಕಿಂತ ಕೆಟ್ಟದ್ದು. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಪೆಟ್ರೋಲಿನದೂ ಹೀಗೇ. ದೂರ ಓಡುವ ಗಾಡಿಯಲ್ಲಿ ಡಬ್ಬಿ ಚೆನ್ನಾಗಿ ಕಾದು ಆ ಆವಿ ಹೊರಗೆ ಹೋಗುತ್ತದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಎಂದು ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಜೀಪಿನಲ್ಲಿ ಡಬ್ಬಿ ಕಾಯುವ ಮೊದಲೇ ಎಂಜಿನ್ ಬಂದ್ ಆಗಿರುತ್ತದೆ. ಆವಿ ಅಲ್ಲೇ ತಣಿದು ತಳದಲ್ಲಿ ನೀರಾಗಿ ನಿಲ್ಲುತ್ತದೆ. ಡೀಸೆಲಿನ ಗಂಧಕ ಆ ನೀರಿಗೆ ಆಮ್ಲದ ಗುಣ ಕೊಡುತ್ತದೆ. ಭಾರತ್ ಸ್ಟೇಜ್ 2ರ ಡೀಸೆಲಿನಲ್ಲಿ ಗಂಧಕದ ಮಿತಿ 500 ಪಿಪಿಎಂ ಇತ್ತು, 2020ರ ಏಪ್ರಿಲ್‌ನಿಂದ ಸಿಗುವ ಬಿಎಸ್ 6 ಡೀಸೆಲಿನಲ್ಲಿ ಅದು 10 ಪಿಪಿಎಂ. ಅಂದರೆ ಇಂದು ಹಾಕಿಸುವ ಹೊಸ ಡಬ್ಬಿಗೆ ಆಮ್ಲದ ಕಾಟ ಹಿಂದಿನಷ್ಟಿಲ್ಲ. ನೀರಿನ ಕಾಟ ಮಾತ್ರ ಹಾಗೇ ಉಳಿದಿದೆ.

ಹೊರಗಿನ ಕಡೆ ಈ ಸೀಮೆಗೆ ತನ್ನದೇ ಆದ ತೊಂದರೆಯಿದೆ. ಕಾಲುವೆಯ ನೀರು ಹೆಚ್ಚಾಗಿ ಬಸಿಯದೆ ನಿಂತ ಕಡೆ ಸಿರುಗುಪ್ಪದ ಸುತ್ತ ಎಷ್ಟೋ ಭೂಮಿ ಸವಳು-ಜವಳಾಗಿದೆ. ಎರೆ ಮಣ್ಣು ಒದ್ದೆಯಿದ್ದಾಗ ಛಾಸಿಗೂ ಡಬ್ಬಿಗೂ ನಡುವೆ ಹೊಕ್ಕು ಅಂಟಿಕೊಳ್ಳುತ್ತದೆ, ಒಣಗಿದರೆ ಗಟ್ಟಿಯಾಗಿ ಕೂರುತ್ತದೆ. ಅದರಲ್ಲಿ ಉಪ್ಪಿದ್ದರೆ ಮುಂದಿನ ಇಬ್ಬನಿಗೇ ಮತ್ತೆ ತೇವ ಎಳೆದುಕೊಂಡು ಕಬ್ಬಿಣ ತಿನ್ನಲು ಶುರುಮಾಡುತ್ತದೆ. ಕೆಸರು ಗದ್ದೆಗೆ ಇಳಿದು ಬಂದ ದಿನ ಬಾನೆಟ್ ತೊಳೆಯುವುದು ಬಿಟ್ಟರೂ ಚಿಂತೆಯಿಲ್ಲ, ಅಡಿಭಾಗಕ್ಕೆ ನೀರು ಹೊಡೆಯುವುದನ್ನು ಬಿಡಬಾರದು. ಡಬ್ಬಿ ತಣ್ಣಗಾದ ಮೇಲೆ ಹೊಡೆಯಿರಿ. ಕೆಂಪಗೆ ಕಾದ ಎರಕದ ಮ್ಯಾನಿಫೋಲ್ಡಿನ ಮೇಲೆ ತಣ್ಣೀರು ಬಿದ್ದರೆ ಸೀಳು ಬಿಡುತ್ತದೆ.

ಹೊಗೆಯ ಬಣ್ಣ ಓದಿಕೊಂಡು ಹಣ ಬಿಚ್ಚಬೇಕು

ಕಪ್ಪು ಹೊಗೆ ಬಂದ ಕೂಡಲೇ ಸೈಲೆನ್ಸರ್ ಬದಲಿಸಿದರೆ ಹಣ ನೀರಿಗೆ ಹಾಕಿದ ಹಾಗೆ. ಕಪ್ಪು ಅಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ. ಹಳೇ ಜೀಪುಗಳಲ್ಲಿ ಎಣ್ಣೆ ಬಟ್ಟಲಿನ ಏರ್ ಫಿಲ್ಟರ್ ಇರುತ್ತದೆ. ಬಳ್ಳಾರಿ–ಸಂಡೂರಿನ ಅದಿರು ರಸ್ತೆಯ ಕೆಂಧೂಳು, ಒಕ್ಕಣೆಯ ಹೊಟ್ಟು ಸೇರಿ ಆ ಎಣ್ಣೆ ರಾಡಿಯಾಗಿರುತ್ತದೆ. ಮೊದಲು ಅದನ್ನು ತೊಳೆದು ಎಣ್ಣೆ ಬದಲಿಸಿ, ಆಮೇಲೆ ನಾಜಲ್ಲುಗಳನ್ನೂ ಪಂಪಿನ ಟೈಮಿಂಗನ್ನೂ ನೋಡಿಸಬೇಕು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು, ರಿಂಗು ಅಥವಾ ವಾಲ್ವ್ ಗೈಡ್ ಸವೆದಿರಬಹುದು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗಿನ ಬಿಳಿ ಹೊಗೆ ಉರಿಯದ ಡೀಸೆಲಿನದು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ಸೈಲೆನ್ಸರಿನದೇ ತಪ್ಪಾದರೆ ಲಕ್ಷಣ ಬೇರೆ. ಜೋಡಣೆಗಳ ಸುತ್ತ ಮಸಿಯ ಗೆರೆ, ಎಂಜಿನ್ ತಣ್ಣಗಿದ್ದಾಗ ಟಿಕ್ ಟಿಕ್ ಎಂದು ಕಾದ ಮೇಲೆ ಅಡಗುವ ಸದ್ದು (ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದೆ), ಡಬ್ಬಿ ತಟ್ಟಿದರೆ ಒಳಗೆ ಗಲಗಲ (ತಡೆಗೋಡೆ ಕಿತ್ತು ಬಂದಿದೆ). ಕಿತ್ತ ತಗಡು ದಾರಿಗೆ ಅಡ್ಡಬಿದ್ದರೆ ಖಾಲಿ ಗಾಡಿ ಓಡುತ್ತದೆ, ಲೋಡು ಹಾಕಿದರೆ ಏದುಸಿರು ಬಿಡುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಬಾಲದ ಪೈಪಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು, ಸ್ಟಾರ್ಟ್ ಮಾಡುವ ಮೊದಲು ಒಂದು ತಂತಿ ಹಾಕಿ ನೋಡುವುದು ಒಳ್ಳೆಯದು.

ಪೈಪಿನ ಅಳತೆ

ಇಲ್ಲೇ ಹೆಚ್ಚು ತಪ್ಪು ತಿಳಿವಳಿಕೆ ಇರುವುದು, ಹಾಗಾಗಿ ಸ್ವಲ್ಪ ಲೆಕ್ಕ ಮಾಡೋಣ.

ಮಹೀಂದ್ರ ಜೀಪುಗಳಲ್ಲಿ ಹೆಚ್ಚು ಕಾಣುವ ಡೀಸೆಲ್ ಎಂಜಿನ್ ಎರಡು: ಪ್ಯೂಜೊ ಮೂಲದ 2,112 ಸಿಸಿಯ ಎಕ್ಸ್‌ಡಿಪಿ 4.90, ಮತ್ತು 2,523 ಸಿಸಿಯ ಎಂಡಿಐ. ದೊಡ್ಡದನ್ನೇ ತೆಗೆದುಕೊಳ್ಳೋಣ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯುತ್ತದೆ. 3,000 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ ಹೆಚ್ಚೆಂದರೆ 3,800 ಲೀಟರಿನ ಆಸುಪಾಸು. ಹೊರಬರುವಾಗ ಆ ಗಾಳಿ ಕಾದು ಎರಡು ಪಟ್ಟಿಗೂ ಮೀರಿ ಹಿಗ್ಗಿರುತ್ತದೆ, ಸುಮಾರು 9,000 ಲೀಟರ್ ಎಂದಿಟ್ಟುಕೊಳ್ಳಿ. ಎರಡು ಇಂಚಿನ ಪೈಪಿನಲ್ಲಿ ಇಷ್ಟು ಅನಿಲ ಸಾಗಲು ಸೆಕೆಂಡಿಗೆ 80 ಮೀಟರ್ ಸುಮಾರಿನ ವೇಗ ಬೇಕು. ಇದು ಗರಿಷ್ಠ ಲೆಕ್ಕ, ನಿಜವಾಗಿ ಇನ್ನೂ ಕಡಿಮೆ. ಹೊಲದ ದಾರಿಯಲ್ಲಿ 1,500 ಆರ್‌ಪಿಎಂಗೆ ಓಡುವಾಗ ಅದರ ಅರ್ಧವೂ ಇಲ್ಲ. ಅಂದರೆ ಟರ್ಬೊ ಇಲ್ಲದ ಈ ಎಂಜಿನ್‌ಗಳಿಗೆ ಎರಡು ಇಂಚು ಸಾಕು.

ಅದೇ ಹರಿವಿಗೆ ಕೊಳವೆಯ ತಡೆ ವ್ಯಾಸದ ಐದನೇ ಘಾತದಂತೆ ಇಳಿಯುತ್ತದೆ. ಒಳವ್ಯಾಸ 45 ಮಿಲಿಮೀಟರ್ ಇದ್ದದ್ದು 50 ಆದರೆ ತಡೆ ಶೇ. 40ರಷ್ಟು ಕಡಿಮೆಯಾಗುತ್ತದೆ. ಹಳೇ ಪೈಪು ತೀರಾ ಸಣ್ಣದಿದ್ದರೆ ಅಥವಾ ಬೆಂಡಿನಲ್ಲಿ ನಜ್ಜಾಗಿದ್ದರೆ ಒಂದು ಮಟ್ಟ ಮೇಲೆ ಹೋದದ್ದಕ್ಕೆ ಫಲ ಸಿಗುತ್ತದೆ. ಆದರೆ 50ರಿಂದ 63ಕ್ಕೆ ಹೋಗುವುದರಲ್ಲಿ ಹುರುಳಿಲ್ಲ, ಅಷ್ಟರಲ್ಲಿ ಪೈಪಿನ ತಡೆ ಸಣ್ಣದಾಗಿರುತ್ತದೆ, ಉಳಿಯುವ ತಡೆ ಡಬ್ಬಿಯದು, ಬೆಂಡುಗಳದು. ದಪ್ಪ ಪೈಪು ಪ್ರೊಪೆಲ್ಲರ್ ಶಾಫ್ಟಿಗೂ ಛಾಸಿಗೂ ತೀರಾ ಹತ್ತಿರ ಬರುತ್ತದೆ, ಕಲ್ಲಿಗೆ ಬಡಿಯುತ್ತದೆ, ಅನಿಲ ಬೇಗ ತಣಿದು ಒಳಗೆ ನೀರು ಹೆಚ್ಚು ನಿಲ್ಲುತ್ತದೆ. ಎಂಡಿಐ ಟರ್ಬೊ ಗಾಡಿಗಳ ಮಾತು ಬೇರೆ. ಟರ್ಬೈನ್ ದಾಟಿದ ಮೇಲಿನ ತಡೆ ನೇರವಾಗಿ ಟರ್ಬೊದ ಕೆಲಸಕ್ಕೆ ಅಡ್ಡಿಯಾಗುವುದರಿಂದ ಎರಡೂಕಾಲು ಇಂಚಿನ ಪೈಪಿಗೆ ಅಲ್ಲಿ ಅರ್ಥವಿದೆ.

‘ಎಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕು’ ಎಂಬ ಮಾತನ್ನು ಗ್ಯಾರೇಜುಗಳಲ್ಲಿ ಬಹಳ ಕೇಳುತ್ತೇವೆ. ಯಾವ ಎಂಜಿನ್‌ಗೂ ತಡೆಯೇ ಬೇಕೆಂದಿಲ್ಲ. ಜಿಪ್ಸಿಯಂಥ ಪೆಟ್ರೋಲ್ ಎಂಜಿನ್‌ಗೆ ಬೇಕಾದದ್ದು ಅನಿಲದ ವೇಗ. ವೇಗವಾಗಿ ಹೋಗುವ ಅನಿಲ ಹಿಂದಿನದನ್ನು ಎಳೆದುಕೊಂಡು ಹೋಗಿ ಸಿಲಿಂಡರ್ ಚೊಕ್ಕಟಗೊಳಿಸುತ್ತದೆ. ಪೈಪು ಅಗಲ ಮಾಡಿದರೆ ಆ ವೇಗ ಬಿದ್ದು, ಕಡಿಮೆ ಆರ್‌ಪಿಎಂನ ಎಳೆತ ಹೋಗುತ್ತದೆ. ಕೆಸರಿನಲ್ಲಿ ಕಲ್ಲಿನಲ್ಲಿ ಬೇಕಾದದ್ದು ಅದೇ ಎಳೆತ.

ಯಾವ ಲೋಹ

ಮೆದು ಉಕ್ಕಿನ (ಎಂಎಸ್) ಪೈಪು ಬಳ್ಳಾರಿಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ಯಾವ ವೆಲ್ಡರ್ ಬೇಕಾದರೂ ಬೆಸೆಯುತ್ತಾನೆ. 16 ಗೇಜ್, ಅಂದರೆ ಸುಮಾರು 1.6 ಮಿ.ಮೀ. ದಪ್ಪದ ಇಆರ್‌ಡಬ್ಲ್ಯು ಪೈಪು ಈ ಕೆಲಸಕ್ಕೆ ಸರಿ. ಅಲ್ಯೂಮಿನಿಯಂ ಲೇಪದ ಉಕ್ಕು ಇನ್ನಷ್ಟು ಬಾಳುತ್ತದೆ. 409 ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ಸುಮಾರು ಶೇ. 11 ಕ್ರೋಮಿಯಂ ಇರುತ್ತದೆ, ಆಯಸ್ಕಾಂತ ಅಂಟುತ್ತದೆ, ಮೇಲೆ ತುಕ್ಕಿನ ಬಣ್ಣ ಬಂದರೂ ಬೇಗ ತೂತಾಗುವುದಿಲ್ಲ. ನನ್ನ ಆಯ್ಕೆ ಇದೇ. 304 ದರ್ಜೆ ಹೊಳೆಯುತ್ತದೆ, ಬಾಳುತ್ತದೆ, ಆದರೆ ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಪೈಪು 400 ಡಿಗ್ರಿ ಕಾದರೆ ಮೆದು ಉಕ್ಕು 5 ಮಿಲಿಮೀಟರಿನಷ್ಟು ಬೆಳೆದರೆ 304 ಹತ್ತಿರ ಹತ್ತಿರ 7 ಮಿಲಿಮೀಟರ್ ಬೆಳೆಯುತ್ತದೆ. ಹಿಗ್ಗಲು ಎಡೆ ಬಿಡದೆ ಎರಡೂ ತುದಿ ಬಿಗಿದರೆ ಬೆಸುಗೆ ಬಿರಿಯುತ್ತದೆ.

ನೀರಿನ ಕೆಲಸಕ್ಕೆ ಬಳಸುವ ಜಿಐ ಪೈಪನ್ನು ಮಾತ್ರ ಹಾಕಿಸಬೇಡಿ. ಅದರ ಸತುವಿನ ಲೇಪ ಬೆಸುಗೆಯ ಬೆಂಕಿಗೆ ಆವಿಯಾಗಿ, ಅದನ್ನು ಉಸಿರಾಡಿದ ವೆಲ್ಡರ್‌ಗೆ ರಾತ್ರಿ ಚಳಿ ಜ್ವರ ಬರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಇನ್ನೊಬ್ಬರ ಶ್ವಾಸಕ್ಕೆ ವಿಷ ಹಾಕುವುದು ಬೇಡ.

ಪೈಪು ಬಾಗಿಸುವಾಗ ಒಳಗೆ ನಜ್ಜಾಗಬಾರದು. ಮ್ಯಾಂಡ್ರೆಲ್ ಯಂತ್ರ ಎಲ್ಲೆಡೆ ಇರುವುದಿಲ್ಲ. ಒಣ ಮರಳನ್ನು ಒತ್ತಿ ತುಂಬಿ, ಎರಡೂ ಬಾಯಿ ಮುಚ್ಚಿ, ಕಾಸಿ ಬಾಗಿಸುವ ಹಳೇ ವಿಧಾನ ಇಂದಿಗೂ ಚೆನ್ನಾಗಿ ನಡೆಯುತ್ತದೆ. ಮರಳಿನಲ್ಲಿ ತೇವವಿದ್ದರೆ ಆವಿ ಒತ್ತಿ ಮುಚ್ಚಳ ಸಿಡಿಯುತ್ತದೆ, ಆದ್ದರಿಂದ ಹುರಿದು ಆರಿಸಿದ ಮರಳೇ ಆಗಬೇಕು.

ಹುಲ್ಲು, ಬೆಂಕಿ ಮತ್ತು ಪೈಪಿನ ದಾರಿ

ಉತ್ತರ ಕರ್ನಾಟಕದ ರಸ್ತೆಗಳಲ್ಲಿ ಸುಗ್ಗಿಯ ಹೊತ್ತಿಗೆ ಹುರುಳಿ, ಸಜ್ಜೆ, ನವಣೆ, ತೊಗರಿ ಹರಡಿ ಗಾಡಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವ ರೂಢಿಯಿದೆ. ಬಳ್ಳಿ, ಹೊಟ್ಟು ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ, ಗಾಡಿ ಉರಿದು ಹೋದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಒಣಹುಲ್ಲು 300 ಡಿಗ್ರಿಯ ಆಸುಪಾಸಿನಲ್ಲೇ ಹೊತ್ತಿಕೊಳ್ಳಬಲ್ಲದು. ಲೋಡಿನಲ್ಲಿ ಎಳೆದ ಎಂಜಿನ್‌ನ ಮ್ಯಾನಿಫೋಲ್ಡ್, ಮುಂದಿನ ಪೈಪು ಅದಕ್ಕೂ ಬಿಸಿಯಾಗಿರುತ್ತವೆ. ಕನ್ವರ್ಟರ್ ಇರುವ ಜಿಪ್ಸಿಯಲ್ಲಿ ಗಾಡಿಯ ಅಡಿಯಲ್ಲೇ ಇನ್ನೊಂದು ಬಿಸಿ ಡಬ್ಬಿ ಇದ್ದಂತಾಯಿತು. ಭತ್ತ ಕೊಯ್ದ ಗದ್ದೆಯಲ್ಲಿ, ಹುಲ್ಲಿನ ಬಣವೆಯ ಪಕ್ಕ ಇಂಥ ಗಾಡಿ ನಿಲ್ಲಿಸುವ ಮೊದಲು ನೆಲ ನೋಡಬೇಕು.

ಹಾಗಾಗಿ ಹೊಸ ಪೈಪಿನ ದಾರಿ ಗೊತ್ತುಮಾಡುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಹುಲ್ಲು ಸಿಕ್ಕಿಕೊಳ್ಳುವ ಸಂದುಗಳನ್ನು. ಡಬ್ಬಿ ಛಾಸಿಯ ಅಂಚಿಗಿಂತ ಕೆಳಗೆ ಜೋತುಬೀಳಬಾರದು. ಕ್ಲಾಂಪಿನ ಬೋಲ್ಟು ಕೆಳಮುಖವಾಗಿ ಚಾಚಿಕೊಂಡಿದ್ದರೆ ಹುಲ್ಲಿಗೆ ಕೊಕ್ಕೆಯಾಗುತ್ತದೆ, ಕುರುಗೋಡಿನ ಗುಡ್ಡದ ಕಲ್ಲುಗಳಿಗೂ ಅದೇ ಮೊದಲು ತಾಗುವುದು. ಬಿಸಿ ಭಾಗದ ಕೆಳಗೆ ತಗಡಿನ ತಡೆ ಹಾಕುವಾಗ ಎರಡು ಬೆರಳು ಎಡೆ ಬಿಟ್ಟು, ಬಿಚ್ಚಿ ಗುಡಿಸಲು ಬರುವಂತೆ ಕೂರಿಸಬೇಕು. ಹುಲ್ಲು ಒಳಗೆ ತುಂಬಿಕೊಂಡ ತಡೆ ತಡೆಯೇ ಇಲ್ಲದ್ದಕ್ಕಿಂತ ಅಪಾಯ. ಪೈಪಿಗೆ ಸುತ್ತುವ ಗಾಜಿನ ನಾರಿನ ಪಟ್ಟಿ ರೇಸ್ ಗಾಡಿಗೆ ಚೆಂದ. ಕೆಸರಿನ ಜೀಪಿನಲ್ಲಿ ಅದು ನೀರು ಕುಡಿದು ಪೈಪನ್ನೇ ಕೊಳೆಸುತ್ತದೆ.

ಇಂಧನದ ಪೈಪಿನಿಂದ ದೂರವಿರಬೇಕೆಂದು ಕಾನೂನೇ ಹೇಳುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 113ನೇ ನಿಯಮದಂತೆ ಆ ಅಂತರ ಕನಿಷ್ಠ 35 ಮಿಲಿಮೀಟರ್. ಸಿಜೆ3ಬಿಯಂಥ ಹಳೇ ಜೀಪಿನಲ್ಲಿ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇರುವುದರಿಂದ ಅಷ್ಟಕ್ಕೇ ತೃಪ್ತಿಪಡದೆ ಸಾಧ್ಯವಾದಷ್ಟು ದೂರ ಒಯ್ಯುವುದು ಜಾಣತನ. ಬ್ರೇಕ್ ಪೈಪು, ಎಲೆ ಸ್ಪ್ರಿಂಗು, ಪೂರ್ತಿ ತಿರುಗಿದ ಟೈರು, ಮೇಲಕ್ಕೆದ್ದ ಆಕ್ಸಲ್ ಇವೆಲ್ಲಕ್ಕೂ ಎಡೆ ಬೇಕು. ಇದನ್ನು ಗ್ಯಾರೇಜಿನ ಸಮ ನೆಲದಲ್ಲಿ ನೋಡಿದರೆ ಸಾಲದು. ಒಂದು ಚಕ್ರ ಎತ್ತರದ ಕಲ್ಲಿನ ಮೇಲೆ ಹತ್ತಿಸಿ ನೋಡಬೇಕು.

ಹಿಂದೆ ಕೂತವರ ಉಸಿರು

ಕಮಾಂಡರಿನಂಥ ಗಾಡಿಯಲ್ಲಿ ಹಿಂದಿನ ಎರಡು ಉದ್ದ ಸೀಟುಗಳಲ್ಲಿ ಎದುರುಬದುರು ಜನ ಕೂರುತ್ತಾರೆ. ಟಾರ್ಪಾಲಿನ ಮುಸುಕು, ಹಿಂದೆ ತೆರೆದ ಬಾಯಿ. ಗಾಡಿ ಓಡುವಾಗ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆ ಒಳಕ್ಕೇ ಎಳೆಯಲ್ಪಡುತ್ತದೆ. ಬಾಲದ ಪೈಪು ಗಾಡಿಯ ಅಂಚಿನಾಚೆ ಹೋಗದೆ ಅಡಿಯಲ್ಲೇ ಮುಗಿದಿದ್ದರಂತೂ ಹೇಳುವುದೇ ಬೇಡ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಅದು ಇನ್ನೂ ಹೆಚ್ಚು. ಕೂಲಿಗೆ ಹೋಗುವ ಹೆಣ್ಣುಮಕ್ಕಳು ತಲೆನೋವು, ಓಕರಿಕೆ ಎಂದರೆ ಬಿಸಿಲಿಗೋ ಗಾಡಿ ಹಿಡಿಸದ್ದಕ್ಕೋ ಎಂದು ತಳ್ಳಿಹಾಕಬಾರದು. ಮೊದಲು ಪೈಪು ಎಲ್ಲಿ ಸೋರುತ್ತಿದೆ ನೋಡಿ.

112ನೇ ನಿಯಮದಂತೆ ಹೊಗೆ ಕೆಳಕ್ಕೂ ಹೋಗಬಾರದು, ಎಡಕ್ಕೂ ಹೋಗಬಾರದು. ಹಿಂದಕ್ಕೆ ಅಥವಾ ಬಲಕ್ಕೆ ಹೋಗಬೇಕು. ನಮ್ಮಲ್ಲಿ ಜನ ಹತ್ತಿ ಇಳಿಯುವುದು, ರಸ್ತೆ ಬದಿ ನಿಲ್ಲುವುದು ಎಡಕ್ಕೇ ಆದ್ದರಿಂದ ಈ ನಿಯಮದಲ್ಲಿ ವಿವೇಕವಿದೆ. ಕೆಸರಿನ ಗಾಡಿಗೆ ಬಾಲ ಸ್ವಲ್ಪ ಮೇಲೆತ್ತಿ, ಹಿಂದಿನ ಅಂಚನ್ನು ದಾಟಿಸಿ ಬಿಡುವುದು ಒಳ್ಳೆಯದು. ಹಳ್ಳ ದಾಟುವಾಗ ಬಾಲ ಮುಳುಗಿದರೂ ಎಂಜಿನ್ ಓಡುತ್ತಿರುವವರೆಗೆ ಅನಿಲವೇ ನೀರನ್ನು ಹೊರಗೆ ದೂಡುತ್ತದೆ. ನಡುನೀರಲ್ಲಿ ಎಂಜಿನ್ ನಿಂತರೆ ನೀರು ಡಬ್ಬಿಗೆ ನುಗ್ಗುತ್ತದೆ. ಆಗ ಅಲ್ಲೇ ಮತ್ತೆ ಮತ್ತೆ ಸೆಲ್ಫ್ ಹೊಡೆಯದೆ ಗಾಡಿಯನ್ನು ಎಳೆಸಿ ಹೊರಗೆ ತರಬೇಕು.

ಬಿಚ್ಚುವುದು, ಕೂರಿಸುವುದು

ಅರ್ಧ ಕೆಲಸ ತುಕ್ಕು ಹಿಡಿದ ಸ್ಟಡ್ಡುಗಳದು. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಗ್ಗೆ ಇನ್ನೊಮ್ಮೆ ಬಿಟ್ಟು, ಆಮೇಲೆ ಸ್ಪ್ಯಾನರ್ ಹಾಕಬೇಕು. ಬಿಡದಿದ್ದರೆ ಎಣ್ಣೆ ಒರೆಸಿ ನಟ್ಟನ್ನು ಕಾಸಿ, ಅರ್ಧ ಸುತ್ತು ಬಿಚ್ಚಿ ಕಾಲು ಸುತ್ತು ಬಿಗಿಯುತ್ತ ತರಬೇಕು. ಬಲವಂತ ಮಾಡಿದರೆ ಸ್ಟಡ್ ಹೆಡ್ಡಿನೊಳಗೆ ಮುರಿಯುತ್ತದೆ, ಆಗ ಕೊರೆದು ತೆಗೆಯುವ ಖರ್ಚು ಸೈಲೆನ್ಸರಿನ ಖರ್ಚಿಗೆ ಸಮವಾಗುತ್ತದೆ. ಜಾಕ್ ಒಂದನ್ನೇ ನಂಬಿ ಗಾಡಿಯಡಿಗೆ ನುಗ್ಗಬೇಡಿ, ಛಾಸಿಗೆ ಸ್ಟ್ಯಾಂಡ್ ಕೊಟ್ಟೇ ಇಳಿಯಬೇಕು. ಹಳೇ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒಣಗಿದ್ದಾಗ ಕೆರೆದು ಧೂಳೆಬ್ಬಿಸದೆ ನೀರು ಚಿಮುಕಿಸಿ ತೆಗೆಯಿರಿ.

ಮ್ಯಾನಿಫೋಲ್ಡಿನ ಮುಖ ಸೊಟ್ಟಗಾಗಿದೆಯೇ ಎಂದು ನೇರ ಪಟ್ಟಿ ಇಟ್ಟು ನೋಡಿ. ಸೊಟ್ಟಗಿದ್ದರೆ ಲೇತಿಗೆ ಕೊಟ್ಟು ಮುಖ ಹೊಡೆಸದೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಸೋರುತ್ತದೆ. ನಡುವಿನ ನಟ್ಟುಗಳಿಂದ ಶುರುಮಾಡಿ ಎರಡೂ ಅಂಚಿನತ್ತ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಸ್ಟಡ್ಡಿಗೆ ತಾಮ್ರದ ಪೇಸ್ಟ್ ಹಚ್ಚಿ ಹಿತ್ತಾಳೆ ನಟ್ಟು ಹಾಕಿದರೆ ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ.

ಪೈಪು, ಡಬ್ಬಿ, ಬಾಲ ಎಲ್ಲವನ್ನೂ ಮೊದಲು ಸಡಿಲವಾಗಿ ತೂಗುಹಾಕಿ, ಸಂದುಗಳನ್ನು ನೋಡಿಕೊಂಡು, ಎಂಜಿನ್ ಕಡೆಯಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತ ಬರಬೇಕು. ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಕುಣಿಯುತ್ತದೆ, ಛಾಸಿ ಬೇರೆ ತಿರುಚಿಕೊಳ್ಳುತ್ತದೆ. ಪೈಪನ್ನು ಛಾಸಿಗೆ ನೇರ ಬೆಸೆದುಬಿಟ್ಟರೆ ಆ ಕುಣಿತವೆಲ್ಲ ಮ್ಯಾನಿಫೋಲ್ಡಿನ ಕತ್ತಿಗೆ ಬೀಳುತ್ತದೆ. ರಬ್ಬರ್ ಹ್ಯಾಂಗರ್ ಇರಲೇಬೇಕು, ಸಾಧ್ಯವಾದರೆ ಮುಂದಿನ ಪೈಪಿನಲ್ಲಿ ಒಂದು ಫ್ಲೆಕ್ಸಿಬಲ್ ತುಂಡೂ ಇರಲಿ. ಗಾಡಿಯಲ್ಲೇ ಬೆಸೆಯುವುದಾದರೆ ಬ್ಯಾಟರಿಯ ವೈರು ಕಳಚಿ, ಆಲ್ಟರ್ನೇಟರ್ ಉಳಿಸಿಕೊಳ್ಳಿ. ಟ್ಯಾಂಕಿನ ಹತ್ತಿರದ ಬೆಸುಗೆಯನ್ನು ಪೈಪು ಹೊರಗೆ ತೆಗೆದೇ ಮಾಡಬೇಕು.

ಕೊನೆಗೆ ಪರೀಕ್ಷೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆಯಿಂದ ಬಾಲದ ಬಾಯಿಯನ್ನು ಒಂದೆರಡು ಕ್ಷಣ ಅರೆ ಮುಚ್ಚಿ ಹಿಡಿದರೆ ಸೋರುವ ಜೋಡಣೆ ಉಸ್ಸೆನ್ನುತ್ತದೆ. ಸಾಬೂನು ನೀರು ಬಿಟ್ಟರೆ ಗುಳ್ಳೆ ಏಳುತ್ತದೆ. ಒಂದು ವಾರ ಓಡಿದ ಮೇಲೆ ಎಲ್ಲ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಬೇಕು.

ಕಾನೂನಿನ ಗೆರೆ

ಹಾಳಾದದ್ದನ್ನು ಅದೇ ಬಗೆಯ ಭಾಗದಿಂದ ಬದಲಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಗಾಡಿಯ ಮೂಲ ಸ್ವರೂಪವನ್ನೇ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಅಡ್ಡ ಬರುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿಗೊಳಿಸಿತು. ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಸೈಲೆನ್ಸರ್ ಇಲ್ಲದ ಗಾಡಿ ರಸ್ತೆಗೆ ಇಳಿಯುವಂತಿಲ್ಲ, ಅದು ಟ್ರ್ಯಾಕ್ಟರಿಗೂ ಅನ್ವಯ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190(2) ಕಲಮಿನಡಿ ಮೂರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಬೈಕುಗಳಿಂದ ಕಿತ್ತ ಕರ್ಕಶ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹತ್ತಿಸಿದ್ದನ್ನು ಓದುಗರು ಕಂಡಿರುತ್ತಾರೆ. ಜಿಪ್ಸಿಯ ಅಥವಾ ಹೊಸ ಗಾಡಿಗಳ ಕನ್ವರ್ಟರ್ ಕಿತ್ತು ಖಾಲಿ ಪೈಪು ಹಾಕಿಸುವುದು ಇದೇ ಗೆರೆ ದಾಟಿದ ಕೆಲಸ. ಅದರಿಂದ ಸಿಗುವ ಶಕ್ತಿ ಹೇಳಿಕೊಳ್ಳುವಷ್ಟಿಲ್ಲ, ಊರಿನ ಗಾಳಿಗೆ ಸೇರುವ ವಿಷವಂತೂ ಖಚಿತ.

15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಕೆಎ–34ರ ಗಾಡಿಗಳಿಗೆ ಬಳ್ಳಾರಿಯ ಸಾರಿಗೆ ಕಚೇರಿಯಲ್ಲಿ ಆಗ ತಪಾಸಣೆ. ಹೊಗೆ ತಪಾಸಣೆಯ ಪ್ರಮಾಣಪತ್ರ ಬಿಎಸ್ 4ಕ್ಕಿಂತ ಹಿಂದಿನ ಗಾಡಿಗೆ ಆರು ತಿಂಗಳಿಗೊಮ್ಮೆ. ಹಳೇ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಹಾರ್ಟ್ರಿಜ್ ಯೂನಿಟ್. ನಡುವೆ ಸೋರುವ ಪೈಪಿನಲ್ಲಿ ಈ ಅಳತೆ ಸರಿಯಾಗಿ ಬರುವುದಿಲ್ಲ, ಆದ್ದರಿಂದ ಸೋರಿಕೆ ಮುಚ್ಚಿಸಿಯೇ ತಪಾಸಣೆಗೆ ಹೋಗಿ. ಕಂಪನಿಯ ಭಾಗವೋ ಅದಕ್ಕೆ ಸಮನಾದದ್ದೋ ಹಾಕಿಸಿದ ಬಿಲ್ಲು, ತೆಗೆದ ಹಳೇ ಡಬ್ಬಿಯ ಫೋಟೊ ಇಟ್ಟುಕೊಂಡಿದ್ದರೆ ನವೀಕರಣದ ದಿನ ಇನ್‌ಸ್ಪೆಕ್ಟರ್ ಗಾಡಿಯಡಿ ಬಗ್ಗಿ ಕೇಳುವ ಪ್ರಶ್ನೆಗೆ ಉತ್ತರ ಕೈಯಲ್ಲಿರುತ್ತದೆ.